ಬದನೆ ಸಾಲಿಗೆ ಅಶ್ವಗಂಧ ಹಾಕಿಸಿದವರು ಈಗ ಎಲ್ಲಿ?

ಮಾನ್ಯರೆ,

ತರಕಾರಿ ಜೊತೆ ಔಷಧಿ ಗಿಡ ಬೆಳೆದರೆ ಡಬಲ್ ಲಾಭ ಅಂತ ಇಲಾಖೆಯ ಸಾಹೇಬರೊಬ್ಬರು ಹೇಳಿದ್ದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಅದೇ ಸಾಹೇಬರು ನಮ್ಮೂರಲ್ಲೂ ಇದೇ ಭಾಷಣ ಮಾಡಿದ್ದರು. ಅವರ ಮಾತು ನಂಬಿ ಈ ಮುಂಗಾರಿನಲ್ಲಿ ಬದನೆ ಸಾಲಿನ ನಡುವೆ ಅಶ್ವಗಂಧ ಹಾಕಿದೆ. ಈಗ ಹೊಲಕ್ಕೆ ಬಂದು ನೋಡಲಿ. ಎಲೆಯಲ್ಲಿ ಹಸಿರಿಲ್ಲ, ಬರೀ ನರ. ತಿರುವಿ ಹಾಕಿದರೆ ಮೈತುಂಬ ಮುಳ್ಳಿರುವ ಹಳದಿ ಮರಿಹುಳ. ಬದನೆ, ಅಶ್ವಗಂಧ ಎರಡೂ ಒಂದೇ ಕುಟುಂಬದ ಗಿಡ. ಒಂದಕ್ಕೆ ಬಂದ ಹುಳ ಇನ್ನೊಂದನ್ನು ಬಿಡುತ್ತದಾ? ನೀರಿನದೂ ಅಷ್ಟೇ. ಬದನೆಗೆ ಆಗಾಗ ನೀರು ಬೇಕು. ಅಶ್ವಗಂಧ ಒಣಭೂಮಿ ಬೆಳೆ. ನಮ್ಮ ಎರಿ (ಕಪ್ಪು) ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮಾರೋದೇ ಆ ಬೇರನ್ನು! ಇಷ್ಟೂ ಗೊತ್ತಿಲ್ಲದವರು ಮೈಕ್ ಯಾಕೆ ಹಿಡಿಯಬೇಕು?

ನಿನ್ನೆ ಅವರ ಕಚೇರಿಗೆ ಹೋದೆ. ಬಸ್ ಚಾರ್ಜೂ ಹೋಯಿತು, ಕೆಲಸವೂ ಕೆಟ್ಟಿತು. ಮಧ್ಯಾಹ್ನದ ತನಕ ಸುಮ್ನೆ ಕೂರಿಸಿ ಕೊನೆಗೆ ಹೇಳಿದ್ದು, 'ಎಣ್ಣಿ ಹೊಡಿ, ಹೋಗ್ತದ' ಅಂತ. ಎಣ್ಣಿ ಅಂದರೆ ರಾಸಾಯನಿಕ ಕೀಟನಾಶಕ. ಪಿಜಿಎಸ್ ಅನ್ನೋ ಸಾವಯವ ಸರ್ಟಿಫಿಕೇಟ್ ಬೇಕಾದರೆ ರಾಸಾಯನಿಕ ಮುಟ್ಟಬಾರದು ಎಂದು ಹೇಳಿಕೊಟ್ಟವರೂ ಇವರೇ ಅಲ್ವಾ? ಬೇವಿನ ಬೀಜದ ಕಷಾಯ ಹೊಡಿ ಅನ್ನಲೂ ಬಾಯಿ ಬರಲಿಲ್ಲ. ಬೇರು ಎಲ್ಲಿ ಮಾರಲಿ ಎಂದರೆ ಮಧ್ಯಪ್ರದೇಶದ ನೀಮಚ್ ಮಂಡಿ ಹೆಸರು ಹೇಳುತ್ತಾರೆ. ನಾಲ್ಕು ಚೀಲ ಬೇರು ಹೊತ್ತುಕೊಂಡು ಅಲ್ಲಿತನಕ ಹೋಗೋದಾ?

ಕೂಡಿ ಬೆಳೆಯೋದು ತಪ್ಪಲ್ಲ. ಟೊಮೆಟೊ ನಡುವೆ ಚೆಂಡು ಹೂ ಹಾಕಿದರೆ ಕಾಯಿಕೊರಕ ಆ ಮೊಗ್ಗಿಗೇ ಜಾಸ್ತಿ ಮೊಟ್ಟೆ ಇಡುತ್ತದೆ, ಟೊಮೆಟೊಗೆ ಕಾಟ ಕಡಿಮೆ. ತುಳಸಿ ಹೂವಿಗೆ ಜೇನು ಬಂದರೆ ಪಕ್ಕದ ಸೌತೆ, ಹಾಗಲಕ್ಕೂ ಒಳ್ಳೆಯದು. ಯಾವುದಕ್ಕೆ ಯಾವುದು ಜೋಡಿ ಅಂತ ತಿಳಿದು ಹೇಳಬೇಕು. ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ಬಾಗಲಕೋಟೆಯಲ್ಲೇ ಇದೆ. ಅಲ್ಲಿಗೆ ಒಂದು ಫೋನ್ ಮಾಡಿ ಕೇಳೋಕೆ ಏನು ಕಷ್ಟ ಇತ್ತು?

ಹನಿ ನೀರಾವರಿ ಸಬ್ಸಿಡಿ ಅರ್ಜಿಯದೂ ಇದೇ ಹಾಡು, ಈ ಟೇಬಲ್ಲಿಂದ ಆ ಟೇಬಲ್ಲಿಗೆ. ಪರೀಕ್ಷೆಗೆ ಒಯ್ದ ಮಣ್ಣಿನ ರಿಪೋರ್ಟ್ ಇವತ್ತಿಗೂ ಕೈಗೆ ಬಂದಿಲ್ಲ. ಕರೆಂಟ್ ಕೊಡೋದು ರಾತ್ರಿ, ಹಾವು ಚೇಳಿನ ನಡುವೆ ನೀರು ಹಾಯಿಸಬೇಕು.

ಮೇಲಿನವರು ಇದನ್ನು ನೋಡಲಿ. ಬೆಳೆ ಗೊತ್ತಿರುವವರನ್ನು ಹೊಲಕ್ಕೆ ಕಳಿಸಲಿ, ಇಲ್ಲವೇ ಪರಿಹಾರ ಕೊಡಲಿ. ಎರಡೂ ಆಗದಿದ್ದರೆ ಊರೂರಿಗೆ ಬಂದು ರೈತರ ತಲೆ ಕೆಡಿಸೋದನ್ನಾದರೂ ನಿಲ್ಲಿಸಲಿ. ನಾಚಿಕೆಯಾಗಬೇಕು ಇವರಿಗೆ.

ನೊಂದ ಸಾವಯವ ರೈತ,
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ