ಮುರಿದ ಮುಳ್ಳಿನ ಮೇಲೆ ನಡೆದ ಮಗಳಿಗೆ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಿಮ್ಮ ಮೆಡಿಕಲ್ ಕಾಲೇಜಿನವರು ಪಾಲಕರಿಗೆಂದು ಬರೆದ ಪತ್ರ ಮೊನ್ನೆ ರೋಣದಿಂದ ನನ್ನ ಅಂಚೆ ಕಚೇರಿಗೆ ಬಂದ ಟಪಾಲು ಚೀಲದಲ್ಲಿತ್ತು. ಬ್ಯಾಂಕಿನ ನೋಟಿಸು, ಮದುವೆಯ ಕರೆಯೋಲೆಗಳ ನಡುವೆ ನನ್ನದೇ ಹೆಸರಿನ ಲಕೋಟೆಗೆ ನಾನೇ ತಾರೀಖಿನ ಮುದ್ರೆ ಒತ್ತಿ, ನನಗೆ ನಾನೇ ಬಟವಾಡೆ ಮಾಡಿಕೊಂಡೆ. ಮೊದಲ ಇಂಟರ್ನಲ್ಸ್‌ನಲ್ಲಿ ನೀನು ದೇಹರಚನೆಯ ಪಾಠವಾದ ಅನಾಟಮಿಯಲ್ಲಿ ಪಾಸಾಗಿಲ್ಲ, ವೈವಾ ಎಂಬ ಬಾಯಿಪರೀಕ್ಷೆಯಲ್ಲಿ ಒಂದು ಪ್ರಶ್ನೆಗೂ ಉತ್ತರಿಸಿಲ್ಲ, ಆಮೇಲೆ ಹೆಣ ಕೊಯ್ದು ಕಲಿಸುವ ಡಿಸೆಕ್ಷನ್ ಹಾಲಿಗೆ ಸರಿಯಾಗಿ ಹೋಗುತ್ತಲೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಆ ರಾತ್ರಿ ಫೋನಿನಲ್ಲಿ ಆದ ಮಾತುಗಳನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಎಲ್ಲ ಬಿಟ್ಟು ಬಂದು ಗದಗಿನಲ್ಲಿ ಬಿಎಸ್ಸಿ ಸೇರುತ್ತೇನೆ ಎಂದ ನಿನ್ನ ಕೊನೆಯ ಮಾತಿಗೆ ಉತ್ತರ ಬಾಕಿ ಉಳಿದಿರುವುದರಿಂದ ಈ ಪತ್ರ.

ಫೇಲಾದದ್ದು ನನ್ನನ್ನು ಅಷ್ಟಾಗಿ ಕಾಡುತ್ತಿಲ್ಲ. ಸಂಕ್ರಾಂತಿಗೆ ಊರಿಗೆ ಬಂದಾಗಲೇ ನಿನಗೆ ಅದು ಗೊತ್ತಿತ್ತು ಎಂಬುದು ಕಾಡುತ್ತಿದೆ. ಅಜ್ಜಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿರುವಾಗ ನೀನು ಅವಳ ಹೆಗಲ ಮುಂದಿನ ಎಲುಬಿನ ಮೇಲೆ ಬೆರಳಾಡಿಸಿ, ಇದು ಕ್ಲಾವಿಕಲ್, ತಾಯಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಎಲುಬಾಗಿ ಗಟ್ಟಿಯಾಗತೊಡಗುವುದು ಇದೇ ಎಂದು ಎಷ್ಟು ಚೆಂದ ತಿಳಿಸಿ ಹೇಳಿದೆ! ಫೇಲಾದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅದನ್ನೆಲ್ಲ ಹೇಳಿದ್ದೆ ಎಂದು ತಿಳಿದಂದಿನಿಂದ ನನಗೆ ಆ ಜಾಲಿಮುಳ್ಳಿನದೇ ನೆನಪು.

ಆರನೆಯ ತರಗತಿಯಲ್ಲಿದ್ದಾಗ ಕಣದ ಬದುವಿನಲ್ಲಿ ನಿನ್ನ ಹಿಮ್ಮಡಿಗೆ ನಟ್ಟ ಮುಳ್ಳು ಒಳಗೇ ಮುರಿದುಕೊಂಡಿತ್ತು. ಹೇಳಿದರೆ ಶಾಲೆಯ ಬಾದಾಮಿ ಪ್ರವಾಸಕ್ಕೆ ಕಳಿಸುವುದಿಲ್ಲವೆಂದು ಮುಚ್ಚಿಟ್ಟು, ತುದಿಗಾಲಿನಲ್ಲಿ ನಡೆಯುತ್ತ, ಯಾರಾದರೂ ಕೇಳಿದರೆ ಹೀಗೆ ನಡೆಯುವುದೊಂದು ಆಟ ಎನ್ನುತ್ತಿದ್ದೆ. ಅದೇ ಕಾಲಿನಲ್ಲಿ ಮೆಟ್ಟಿಲೇರಿ ಕೊನೆಯ ನಾಲ್ಕನೆಯ ಗುಹೆ, ಆ ಜೈನರ ಗುಹೆಯವರೆಗೂ ಹೋಗಿ ಬಂದೆ. ಮರುದಿನ ಜ್ವರ ಬಂತು. ನಿನ್ನ ಅವ್ವ ಕಾಲು ತೊಳೆಯಲು ಕೂತಾಗ ಹಿಮ್ಮಡಿ ಬಾತು, ಕೀವು ತುಂಬಿ, ಮುಟ್ಟಗೊಡದಂತಾಗಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಕೊಯ್ದು ಮುಳ್ಳು ತೆಗೆಯುವಾಗಲೂ ನೀನು ಕೂಗಲಿಲ್ಲ. ಎಂಥ ಗಟ್ಟಿ ಹುಡುಗಿ ಎಂದು ಅವರು ಬೆನ್ನು ತಟ್ಟಿದರು, ನಾವೂ ಊರೆಲ್ಲ ಹೇಳಿಕೊಂಡು ಹಿಗ್ಗಿದೆವು. ಈಗ ಆ ಹೊಗಳಿಕೆ ನೆನಪಾದರೆ ಹಿಗ್ಗು ಬರುವುದಿಲ್ಲ. ನೋವಾದರೆ ಕೂಗುವ ಮಕ್ಕಳ ತಂದೆಯರು ನನಗಿಂತ ನೆಮ್ಮದಿಯಾಗಿ ಮಲಗುತ್ತಾರೆ. ನೀನು ಫೋನಿನಲ್ಲಿ "ಆರಾಮ ಇದ್ದೀನಿ ಅಪ್ಪ" ಎಂದಾಗಲೆಲ್ಲ, ಮೈಸೂರಿನಲ್ಲಿ ಇವಳು ಯಾವ ಕಾಲಿನ ಮೇಲೆ ಭಾರ ಹಾಕದೆ ನಡೆಯುತ್ತಿದ್ದಾಳೋ ಎಂದೇ ಯೋಚಿಸುತ್ತೇನೆ.

ನಿನ್ನ ಸೀಟು ಕನ್ನಡ ಮಾಧ್ಯಮದ ಶೇ. 5ರ ಪಾಲಿನದು ಎಂದು ಯಾರೋ ಅಂದರಂತೆ. ಸುಳ್ಳೇನಲ್ಲ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆಂದು ಸರ್ಕಾರ ಇಟ್ಟ ಪಾಲು ಅದು, ಆದರೆ ನೀಟ್‌ನ 180 ಪ್ರಶ್ನೆಗಳನ್ನು ಎಲ್ಲರಂತೆ ನೀನೂ ಬರೆದೇ ಅಲ್ಲಿಗೆ ಹೋದವಳು. ಕನ್ನಡದ ಪ್ರಶ್ನೆಪತ್ರಿಕೆ ಸಿಗುತ್ತಿದ್ದರೂ ಇಂಗ್ಲಿಷಿನದನ್ನೇ ಆರಿಸಿಕೊಂಡೆ. ನನಗನ್ನಿಸುವುದು ಇಷ್ಟೇ: ಆ ಪರೀಕ್ಷೆಯಲ್ಲಿ ಬಾಯಿ ತೆರೆಯಬೇಕಿರಲಿಲ್ಲ, ಸರಿಯಾದ ವೃತ್ತ ತುಂಬಿದರೆ ಸಾಕಿತ್ತು. ವೈವಾದ ಮೇಜಿನ ಮುಂದೆ ಕೈಗೊಂದು ಎಲುಬು ಕೊಟ್ಟು, ಇದು ಎಡಗಡೆಯದೋ ಬಲಗಡೆಯದೋ, ಹೇಗೆ ಗುರುತಿಸಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ತುಂಬಲು ವೃತ್ತವಿಲ್ಲ. ನಿನಗೆ ವಿಷಯ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಅಜ್ಜಿಗೆ ಹೇಳಿದವಳು ನೀನೇ ಅಲ್ಲವೇ?

ಉಪದೇಶ ಮಾಡಬಾರದೆಂದೇ ಬರೆಯಲು ಕೂತೆ, ಆದರೂ ಕೇಳು. ದಿನವೂ ರಾತ್ರಿ ಒಂದು ಎಲುಬನ್ನು ಕೈಯಲ್ಲಿ ಹಿಡಿದು, ಅಜ್ಜಿಗೆ ಹೇಳಿದಂತೆ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಕೋಣೆಯ ಗೆಳತಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳು. ವ್ಯಾಕರಣ ತಪ್ಪಿದರೆ ತಪ್ಪಲಿ, ಮನಸ್ಸಿನಲ್ಲಿ ಓದಿಕೊಂಡದ್ದು ವೈವಾದಲ್ಲಿ ಬಾಯಿಗೆ ಬರುವುದಿಲ್ಲ. ಡಿಸೆಕ್ಷನ್ ತಪ್ಪಿಸಬೇಡ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಇಲ್ಲದಿದ್ದರೆ ವರ್ಷದ ಪರೀಕ್ಷೆಗೇ ಕೂರಿಸುವುದಿಲ್ಲ. ಫೇಲಾದವರಿಗಾದರೋ ಮೊದಲ ವರ್ಷವನ್ನು ಪಾಸು ಮಾಡಿಕೊಳ್ಳಲು ಒಟ್ಟು ನಾಲ್ಕು ಅವಕಾಶಗಳಿವೆ. ಮೆಸ್ಸಿನ ಸಾರು ಸಿಹಿ ಎಂದು ಊಟ ಬಿಡಬೇಡ. ರಾತ್ರಿ ನಿದ್ದೆ ಬರದೆ ಮನಸ್ಸು ತೀರ ಕುಗ್ಗಿದರೆ ನನಗೆ ಎಷ್ಟು ಹೊತ್ತಿಗಾದರೂ ಫೋನ್ ಮಾಡು. ನನಗೆ ಹೇಳಲು ಸಂಕೋಚವಾದರೆ ಮನಸ್ಸಿನ ನೋವಿಗೆಂದು ಸರ್ಕಾರ ಇಟ್ಟ ಸಹಾಯವಾಣಿ, ಟೆಲಿ ಮಾನಸ್‌ನ 14416ಕ್ಕೆ ಮಾಡು. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನನ್ನ ಬಿಟ್ಟು ಬೇರೆಯವರಿಗೆ ಹೇಳಿದೆಯೆಂದು ನನಗೆ ಬೇಸರವಾಗುವುದಿಲ್ಲ. ಸ್ವಲ್ಪ ಆಗುತ್ತದೆ, ಆದರೂ ಹೇಳು.

ಆ ರಾತ್ರಿ ನನ್ನ ದನಿ ಏರಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಗದಗಿನ ಬಿಎಸ್ಸಿಯನ್ನು ಹಗುರವಾಗಿ ಕಾಣುವವನೂ ನಾನಲ್ಲ. ಓದು ನಿನಗೆ ನಿಜವಾಗಿ ಒಗ್ಗದಿದ್ದರೆ ವರ್ಷ ಮುಗಿದ ಮೇಲೆ ಕೂತು ಮಾತಾಡೋಣ, ಆದರೆ ಒಂದು ಮೇಜಿನ ಹೆದರಿಕೆಗೆ ಈಗಲೇ ಬಿಟ್ಟು ಬರಲು ನನ್ನ ಒಪ್ಪಿಗೆಯಿಲ್ಲ.

ಪಾಲಕರು ಒಮ್ಮೆ ಬಂದು ಭೇಟಿಯಾಗಬೇಕೆಂದು ಪತ್ರದಲ್ಲಿ ಕೇಳಿದ್ದಾರೆ. ಕಡಲೆ ರಾಶಿ ಈ ವಾರ ಮುಗಿಯುತ್ತದೆ, ಮುಂದಿನ ವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬರುತ್ತೇನೆ. ನಿನ್ನ ಮೂಲ ದಾಖಲೆಗಳನ್ನು ವಾಪಸು ಕೇಳಲು ಬರುತ್ತಿಲ್ಲ, ನಿನ್ನ ಮೇಡಮ್ಮರ ಹತ್ತಿರ ಮಾತಾಡಲು ಬರುತ್ತಿದ್ದೇನೆ. ಮಾತು ನೀನೇ ಶುರು ಮಾಡಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡಿನಲ್ಲಿ ಇಷ್ಟೆಲ್ಲ ಹಿಡಿಸದೆ ಲಕೋಟೆಗೆ ಹಾಕಿದ್ದೇನೆ. ತಲುಪಿದ ದಿನವೇ ಫೋನ್ ಮಾಡಿ, ಮೇಡಮ್ಮರು ಯಾವ ಹೊತ್ತಿಗೆ ಸಿಗುತ್ತಾರೆಂದು ತಿಳಿಸು.

ಇಂತಿ,
ನಿನ್ನ ಅಪ್ಪ