ಇನ್ನು ಮುಂದೆ ರಿಪೋರ್ಟಿನಲ್ಲಿ ಎರಡು ಎಣಿಕೆ

ಉದ್ಯಮಬಾಗ, ಬೆಳಗಾವಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಿಮ್ಮ ನ್ಯೂಟ್ರಾನ್ ತೇವಾಂಶ ಮಾಪಕಗಳನ್ನು ಪರೀಕ್ಷಿಸಿ ನಾವು ಕೊಡುವ ರಿಪೋರ್ಟಿನ ಬಗ್ಗೆ ಈ ಪತ್ರ. ಹೋದ ವಾರ ನಮ್ಮ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿದ್ದರು. "ಹೋದ ವರ್ಷ ಮಾಪಕದ ಎಣಿಕೆ ಸೆಕೆಂಡಿಗೆ 20,000 ಅಂತ ಬರೆದುಕೊಟ್ಟಿದ್ರಿ. ಈ ಸಲ 22,222 ಅಂತೀರಿ. ಸೋರ್ಸ್ ಏನು ಬೆಳೀತದೇನ್ರೀ?" ಸೋರ್ಸ್, ಅಂದರೆ ಮಾಪಕದೊಳಗೆ ನ್ಯೂಟ್ರಾನ್ ಹೊಮ್ಮಿಸುವ ವಿಕಿರಣಶೀಲ ವಸ್ತು, ಬೆಳೆದಿಲ್ಲ. ಅದರಲ್ಲಿರುವ ಅಮೆರಿಸಿಯಂ-241 ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 432 ವರ್ಷ ಬೇಕು. ಬದಲಾದದ್ದು ನಮ್ಮ ಲೆಕ್ಕ. ಮೊದಲೇ ತಿಳಿಸದೆ ರಿಪೋರ್ಟ್ ಕಳಿಸಿದ್ದು ನಮ್ಮ ತಪ್ಪು.

ನಿಮ್ಮ ತೇವಾಂಶ ಮಾಪಕದ ಹೀಲಿಯಂ-3 ಟ್ಯೂಬು ಒಂದು ನ್ಯೂಟ್ರಾನನ್ನು ಹಿಡಿದಾಗ ಒಂದು ಪಲ್ಸ್ ಬರುತ್ತದೆ. ಅದನ್ನು ಎಣಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡುತ್ತಿರುವಾಗ ಹಿಂದಿನ ಬಾಗಿಲಲ್ಲಿ ಹತ್ತಿ ನಿಂತವರ ಹಾಗೆ. ಈ ಹೊತ್ತಿಗೇ ಡೆಡ್ ಟೈಮ್ ಅನ್ನುವುದು. ಫೋನ್ ಮಾಡಿದವರ ಮಾಪಕದಲ್ಲಿ ಅದು 5 ಮೈಕ್ರೋಸೆಕೆಂಡ್. ಸೆಕೆಂಡಿಗೆ 20,000 ಪಲ್ಸ್ ಎಣಿಸಿದರೆ ಹತ್ತನೇ ಒಂದು ಪಾಲು ಹೊತ್ತು ಅದರಲ್ಲೇ ಹೋಯಿತು. 20,000ವನ್ನು 0.9ರಿಂದ ಭಾಗಿಸಿದರೆ 22,222. ಅದೇ 2,000 ಎಣಿಕೆಯಾದರೆ 2,020 ಬರುತ್ತದೆ, ಅಷ್ಟೇ. ಕಡಿಮೆ ಎಣಿಕೆಯ ಕೆಲಸವೇ ಜಾಸ್ತಿ ಇದ್ದದ್ದರಿಂದ ಇಷ್ಟು ದಿನ ನಾವೂ ಸುಮ್ನಿದ್ದೆವು.

ಡೆಡ್ ಟೈಮನ್ನು ಎರಡು ಸೋರ್ಸ್ ಇಟ್ಟು ಅಳೆಯುತ್ತೇವೆ. ಸೋರ್ಸ್ ಇಲ್ಲದಿದ್ದರೂ ಬರುವ ಹಿನ್ನೆಲೆ ಎಣಿಕೆ ಬಿಡೋಣ. ಒಂದೊಂದೇ ಇಟ್ಟಾಗ 12,000, 12,000. ಎರಡೂ ಇಟ್ಟರೆ 24,000 ಆಗಬೇಕಲ್ವಾ? ಆಗುವುದು 22,642. ಆ 1,358ರ ಕೊರತೆಯಿಂದಲೇ 5 ಮೈಕ್ರೋಸೆಕೆಂಡ್ ಸಿಗುವುದು. ಸುಲಭದ ಸೂತ್ರ ಹಾಕಿದರೆ 4.7 ಬರುತ್ತದೆ, ಹಾಗಾಗಿ ಪೂರ್ತಿ ಸೂತ್ರವನ್ನೇ ಹಾಕುತ್ತೇವೆ. ಎರಡನೆಯದನ್ನು ಇಡುವಾಗ ಮೊದಲನೆಯದು ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ಮತ್ತೆ ಮೊದಲಿಂದ. ಇದಕ್ಕೇ ಅರ್ಧ ದಿನ ಹಿಡಿಯುತ್ತದೆ. ನಿಮ್ಮ ಜಾಗದಲ್ಲೇ, ನಿಮ್ಮ ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಎದುರಿಗೇ ಮಾಡುತ್ತೇವೆ. ಶುಲ್ಕ ಹಳೆಯದೇ.

ಮುಂದಿನ ತಿಂಗಳಿಂದ ರಿಪೋರ್ಟಿನಲ್ಲಿ ಮಾಪಕ ತೋರಿಸಿದ ಎಣಿಕೆ, ಸರಿಪಡಿಸಿದ ಎಣಿಕೆ ಎರಡೂ ಅಕ್ಕಪಕ್ಕ ಇರುತ್ತವೆ. ಒಂದು ಮಾತು ಮಾತ್ರ ಮರೆಯಬೇಡಿ. ಎಣಿಕೆ ನೋಡಿ ತೇವಾಂಶ ಹೇಳುವ ನಿಮ್ಮ ಹಳೆಯ ಚಾರ್ಟ್ ತಯಾರಾಗಿದ್ದು ಮಾಪಕ ತೋರಿಸಿದ ಎಣಿಕೆಯಿಂದ. ಹೊಸ ಚಾರ್ಟ್ ಕೈಸೇರುವ ತನಕ ಅದಕ್ಕೆ ಸರಿಪಡಿಸಿದ ಎಣಿಕೆ ಹಾಕಬೇಡಿ. ಹೋಲಿಕೆಗೆ ತೆಗೆದಿಡುವ ಸ್ಟ್ಯಾಂಡರ್ಡ್ ಎಣಿಕೆ ಒಂದು ಥರ, ಸೈಟಿನ ಎಣಿಕೆ ಇನ್ನೊಂದು ಥರ ಆದರೆ ಲೆಕ್ಕ ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಹೊಸ ಚಾರ್ಟನ್ನು ರಿಪೋರ್ಟಿನ ಜೊತೆಗೇ ಕೊಡುತ್ತೇವೆ.

ಇಂತಿ,
ವರ್ಕ್‌ಶಾಪಿನ ಪರವಾಗಿ