ಚಾಕೊಲೇಟ್ ಕರಗಿದ ಮೇಲೆ

ಪ್ರೀತಿಯ ತಮ್ಮಾ,

ಮೈಕ್ರೋವೇವ್ ಓವನ್ ಕಂಡುಹಿಡಿದ ಪರ್ಸಿ ಸ್ಪೆನ್ಸರ್ ಬಗ್ಗೆ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಸಾಲಿನಲ್ಲೇ ಆತನ ಜೇಬಿನಲ್ಲಿ ಚಾಕೊಲೇಟ್ ಕರಗಿಸಿಬಿಟ್ಟಿದ್ದೀಯ. ಎಲ್ಲರೂ ಶುರು ಮಾಡೋದು ಅಲ್ಲಿಂದಲೇ. ಓದಿದವರಿಗೆ ಏನನ್ನಿಸುತ್ತೆ? ಪುಣ್ಯವಂತ, ಲಾಟರಿ ಹೊಡೆಯಿತು, ಅಷ್ಟೇ.

ಅಂದಹಾಗೆ, ಅದು ಬರೀ ಚಾಕೊಲೇಟ್ ಅಲ್ಲ, ಅಳಿಲುಗಳಿಗೆ ಹಾಕೋಕೆ ಇಟ್ಟುಕೊಂಡಿದ್ದ ಕಡಲೆಬೀಜದ ಮಿಠಾಯಿ ಅಂತ ಆತನ ಮೊಮ್ಮಗ ಹೇಳಿದ್ದಾರೆ. ನಾನಾಗಿದ್ದರೆ ಆ ಅಳಿಲುಗಳನ್ನು ಬಿಡುತ್ತಿರಲಿಲ್ಲ.

ಅದನ್ನು ಕರಗಿಸಿದ್ದು ಮ್ಯಾಗ್ನೆಟ್ರಾನ್, ಅಂದರೆ ರೇಡಾರ್‌ಗೆ ಬೇಕಾದ ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಸಾಧನ. ಅದರ ಹತ್ತಿರ ನಿಂತರೆ ಬಿಸಿಯಾಗುತ್ತೆ ಅನ್ನೋದು ಬೇರೆಯವರಿಗೂ ಗೊತ್ತಿತ್ತು. ಸ್ಪೆನ್ಸರ್ ಸುಮ್ಮನಿರಲಿಲ್ಲ. ಜೋಳದ ಕಾಳು ತರಿಸಿದ, ಅದು ಪಟಪಟ ಅರಳಿತು. ಮೊಟ್ಟೆ ಇಟ್ಟ, ಬಗ್ಗಿ ನೋಡುತ್ತಿದ್ದ ಜೊತೆಗಾರನ ಮುಖಕ್ಕೆ ಸಿಡಿಯಿತು. 1945ರ ಅಕ್ಟೋಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಕರಗಿದ್ದಕ್ಕೆ ನೀನು ಒಂದು ಪುಟ ಕೊಟ್ಟಿದ್ದೀಯ, ಆಮೇಲಿನದಕ್ಕೆ ಎರಡೇ ಸಾಲು. ಅದನ್ನು ತಿರುಗಿಸು.

ಅದಕ್ಕೂ ಮುಂಚಿನದ್ದು ಇನ್ನೂ ಜಾಸ್ತಿ ಬೇಕು. 1894ರಲ್ಲಿ ಅಮೆರಿಕದ ಮೇನ್ ರಾಜ್ಯದ ಹೌಲ್ಯಾಂಡ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ, ಅಮ್ಮ ಬಿಟ್ಟು ಹೋದಳು. ಹನ್ನೆರಡನೇ ವಯಸ್ಸಿಗೇ ದಾರದ ಉರುಳೆ ಮಾಡುವ ಕಾರ್ಖಾನೆಯಲ್ಲಿ ಕೂಲಿ. ಆಮೇಲೆ ಕಾಗದದ ಮಿಲ್ಲಿಗೆ ಕರೆಂಟ್ ಎಳೆಯುವ ಕೆಲಸಕ್ಕೆ ಸೇರಿಕೊಂಡ, ಅದರ ಬಗ್ಗೆ ಏನೂ ಗೊತ್ತಿಲ್ಲದೆ! ನೌಕಾಪಡೆಗೆ ಸೇರಿದ ಮೇಲೆ ರಾತ್ರಿ ಪಾಳಿಯಲ್ಲಿ ಪಠ್ಯಪುಸ್ತಕ ಹಿಡಿದುಕೊಂಡು ತಾನೇ ಕಲಿತ. ಇದನ್ನೆಲ್ಲ ನೀನು 'ಬಡತನದಲ್ಲಿ ಬೆಳೆದರು' ಅಂತ ಎರಡೇ ಪದದಲ್ಲಿ ಮುಗಿಸಿದ್ದೀಯ. ಆ ರಾತ್ರಿ ಪಾಳಿ ನನ್ನ ಕಣ್ಣಿಗೆ ಕಾಣಬೇಕು, ಮಾರಾಯ.

ಎರಡನೇ ಮಹಾಯುದ್ಧದ ಕಾಲದ ರೇಡಾರ್ ಕೆಲಸ ಪೂರ್ತಿ ಬಿಟ್ಟುಹೋಗಿದೆ. ಬ್ರಿಟಿಷರು 1940ರಲ್ಲಿ ತಂದುಕೊಟ್ಟ ಮ್ಯಾಗ್ನೆಟ್ರಾನ್ ಅನ್ನು ತಾಮ್ರದ ಗಟ್ಟಿಯನ್ನು ಕೊರೆದು ಮಾಡಬೇಕಿತ್ತು. ನಾಜೂಕಿನ ಕೆಲಸ, ದಿನಕ್ಕೆ ಕೆಲವೇ ಆಗುತ್ತಿದ್ದವು. ತೆಳು ತಾಮ್ರದ ಹಾಳೆಗಳನ್ನು ಅಚ್ಚಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಬೆಸುಗೆ ಹಾಕಿದರಾಯಿತು ಅಂದ ಸ್ಪೆನ್ಸರ್. ಯುದ್ಧ ಮುಗಿಯುವ ಹೊತ್ತಿಗೆ ಆತನಿದ್ದ ರೇಥಿಯಾನ್ ಕಂಪನಿ ದಿನಕ್ಕೆ 2,600 ಮಾಡುತ್ತಿತ್ತು. ನನಗೆ ಕೇಳಿದರೆ ಓವನ್‌ಗಿಂತ ಇದೇ ದೊಡ್ಡ ಕೆಲಸ.

ಒಂದು ತಪ್ಪು ತಿದ್ದಿಕೊ. ಮೈಕ್ರೋವೇವ್ 'ಒಳಗಿನಿಂದ ಹೊರಗೆ ಬೇಯಿಸುತ್ತದೆ' ಅಂತ ಬರೆದಿದ್ದೀಯ. ಇಲ್ಲ. ಅಲೆಗಳು ಹೊರಗಿನಿಂದ ಒಂದೆರಡು ಸೆಂಟಿಮೀಟರ್ ಒಳಕ್ಕೆ ಹೋಗಿ ಅಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸುತ್ತವೆ. ಉಳಿದದ್ದು ಆ ಬಿಸಿ ಹರಡಿಕೊಂಡು ಬೇಯುತ್ತದೆ. ಫ್ರಿಜ್ಜಿನ ಅನ್ನವನ್ನು ರಾಶಿ ಹಾಕಿ ಬಿಸಿ ಮಾಡಿ ನೋಡು, ಅಂಚು ಸುಡುತ್ತೆ, ನಡುವೆ ತಣ್ಣಗೇ ಇರುತ್ತೆ.

1947ರಲ್ಲಿ ಬಂದ ಮೊದಲ ಮೈಕ್ರೋವೇವ್ ಓವನ್, ಹೆಸರು ರೇಡಾರೇಂಜ್, ಆಳೆತ್ತರದ್ದು, ಸುಮಾರು 340 ಕೆಜಿ. ಅಡುಗೆಮನೆಯ ಕಟ್ಟೆ ಮೇಲೆ ಕೂರುವಂಥದ್ದು ಬರೋಕೆ 1967 ಆಗಬೇಕಾಯಿತು. ಬೆಲೆ 495 ಡಾಲರ್. ಸ್ಪೆನ್ಸರ್ ತೀರಿಕೊಂಡದ್ದು 1970ರಲ್ಲಿ, ಅಂದರೆ ಅದನ್ನು ನೋಡಿಯೇ ಹೋದ. ಈ ಭಾಗ ಇಷ್ಟೇ ಸಾಕು, ಎಳೆಯಬೇಡ.

ತಿದ್ದಿ ಕಳಿಸು, ಅವಸರವಿಲ್ಲ. ಮೊಟ್ಟೆಯ ಭಾಗ ಬರೆಯೋಕೆ ಮನೆಯಲ್ಲಿ ಪ್ರಯೋಗ ಮಾತ್ರ ಮಾಡಬೇಡ. ಸಿಪ್ಪೆಯೊಳಗೆ ಆವಿ ಸಿಕ್ಕಿಹಾಕಿಕೊಂಡು ಸಿಡಿಯುತ್ತೆ. ನಾನು ಒಮ್ಮೆ ಮಾಡಿದ್ದೆ. ಓವನ್ ಒರೆಸಿ ಮುಗಿಸೋಕೆ ಅರ್ಧ ಭಾನುವಾರ ಹೋಯಿತು, ಮನೆಯವಳ ಮೌನ ಬುಧವಾರದ ತನಕ ನಡೆಯಿತು.

ನಿನ್ನ,
ಅಣ್ಣ